ಪುಟ್ಟ ಟ್ರೇಲರ್‌ಗೆ ಹೊಸ ಟೈರ್: ಬಟನ್ ಅಲ್ಲ, ತಾರೀಖು ನೋಡಿ

9 ಮಾರ್ಚ್ 2025, ಭಾನುವಾರ

ಕಾರಿನ ಹಿಂದೆ ಎಳೆಯುವ ಪ್ರವಾಸದ ಟ್ರೇಲರಿನ ಟೈರ್ ಸವೆದು ಸಾಯುವುದು ಅಪರೂಪ. ವರ್ಷದ ಬಹುಪಾಲು ದಿನ ಅದು ಒಂದೇ ಜಾಗದಲ್ಲಿ, ಅರ್ಧ ಬಿಸಿಲಿನಲ್ಲಿ, ಪೂರ್ತಿ ಭಾರ ಹೊತ್ತು ನಿಂತಿರುತ್ತದೆ. ಓಡಿದ್ದು ಕಡಿಮೆಯಾದ್ದರಿಂದ ಬಟನ್ (ನೆಲಕ್ಕೆ ತಾಗುವ ಭಾಗದ ಉಬ್ಬುಗಳು) ಹೊಸದರಂತೆಯೇ ಕಾಣುತ್ತದೆ, ಒಳಗೆ ರಬ್ಬರ್ ಮಾತ್ರ ಗಟ್ಟಿಯಾಗಿ ಮುದಿಯಾಗಿರುತ್ತದೆ. ಓಝೋನ್ ಮತ್ತು ಬಿಸಿಲಿನಿಂದ ಕಾಪಾಡಲೆಂದು ರಬ್ಬರಿಗೆ ಮೇಣ ಮತ್ತು ಕೆಲವು ರಾಸಾಯನಿಕಗಳನ್ನು ಬೆರೆಸಿರುತ್ತಾರೆ. ಟೈರ್ ಉರುಳುತ್ತ ಬಾಗಿ ಬಳುಕಿದಾಗ ಅವು ಮೇಲ್ಮೈಗೆ ಬರುತ್ತವೆ. ನಿಂತೇ ಇದ್ದರೆ ಬರುವುದು ಕಡಿಮೆ. ಹಾಗಾಗಿ ಕಡಿಮೆ ಓಡಿದ ಟೈರ್ ಬೇಗ ಬಿರುಕು ಬಿಡುವುದರಲ್ಲಿ ವಿಚಿತ್ರವೇನೂ ಇಲ್ಲ.

ಆದ್ದರಿಂದ ಮೊದಲು ತಾರೀಖು. ಟೈರಿನ ಪಕ್ಕದಲ್ಲಿ ಡಿಒಟಿ (DOT) ಎಂಬ ಅಕ್ಷರಗಳಿಂದ ಶುರುವಾಗುವ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ನೋಡಬೇಕು. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಪೂರ್ತಿ ಸಂಖ್ಯೆ ಸಾಮಾನ್ಯವಾಗಿ ಟೈರಿನ ಒಂದೇ ಬದಿಯಲ್ಲಿರುತ್ತದೆ. ಹೊರಬದಿಯಲ್ಲಿ ಆ ನಾಲ್ಕು ಅಂಕಿ ಸಿಗಲಿಲ್ಲವೆಂದರೆ ಟಾರ್ಚ್ ಹಿಡಿದು ಟ್ರೇಲರಿನ ಕೆಳಗೆ ತೂರಲೇಬೇಕು. ಐದು ವರ್ಷ ತುಂಬಿದರೆ ಹೊಸದಕ್ಕೆ ಹಣ ಎತ್ತಿಡುವ ಹೊತ್ತು, ಆರು ತುಂಬಿದರೆ ಬದಲಿಸುವ ಹೊತ್ತು. ಒಂದೇ ಆಕ್ಸಲ್ ಇರುವ ಟ್ರೇಲರಿನಲ್ಲಿ ಈ ಲೆಕ್ಕಕ್ಕೆ ರಿಯಾಯಿತಿ ಕೊಡುವುದು ನನಗೆ ಸರಿಕಾಣುವುದಿಲ್ಲ. ಒಂದು ಒಡೆದರೆ ಭಾರ ಹೊರಲು ಆ ಬದಿಯಲ್ಲಿ ಇನ್ನೊಂದು ಇರುವುದಿಲ್ಲ. ಚೂರಾದ ಟೈರ್ ಚಕ್ರದ ಮೇಲಿನ ಗೂಡು, ಅದರ ಹಿಂದಿನ ವೈರಿಂಗ್, ಗ್ಯಾಸ್ ಕೊಳವೆ ಎಲ್ಲವನ್ನೂ ಹರಿದು ಹಾಕುತ್ತದೆ.

ವಯಸ್ಸು ಕಡಿಮೆಯಿದ್ದರೂ ತೆಗೆದು ಎಸೆಯಬೇಕಾದ ಲಕ್ಷಣಗಳಿವೆ. ದಪ್ಪ ಕೈಗವಸು ಹಾಕಿಕೊಂಡು (ಸ್ಟೀಲ್ ತಂತಿ ಹೊರಬಂದಿದ್ದರೆ ಅಂಗೈ ಸೀಳುತ್ತದೆ) ಬಟನ್ ಮೇಲೆ ಸುತ್ತಲೂ ಕೈಯಾಡಿಸಿ. ಒಂದು ಕಡೆ ಮಾತ್ರ ಉಬ್ಬಿದಂತೆ ಅನಿಸಿದರೆ ಒಳಗಿನ ಸ್ಟೀಲ್ ಬೆಲ್ಟ್ ಬಿಟ್ಟುಕೊಳ್ಳುತ್ತಿದೆ ಎಂದರ್ಥ. ಚಕ್ರವನ್ನು ಜಾಕ್ ಮೇಲೆತ್ತಿ ತಿರುಗಿಸುತ್ತ, ಬಟನ್‌ನಿಂದ ಒಂದು ಬೆರಳು ದೂರದಲ್ಲಿ ಕಡ್ಡಿ ಹಿಡಿದರೆ ಈ ಉಬ್ಬು ಕಣ್ಣಿಗೂ ಕಾಣುತ್ತದೆ. ಸೈಡ್‌ವಾಲ್‌ನಲ್ಲಿ (ಟೈರಿನ ಪಕ್ಕದ ಗೋಡೆಯಲ್ಲಿ) ಗುಳ್ಳೆ, ದಾರ ಕಾಣುವಷ್ಟು ಆಳದ ಬಿರುಕು, ಬಟನ್ ನಡುವಿನ ತೋಡುಗಳ ತಳದಲ್ಲಿ ಉದ್ದಕ್ಕೆ ಹೋದ ಸೀಳು, ಇವುಗಳಲ್ಲಿ ಯಾವುದಿದ್ದರೂ ಆ ಟೈರಿನ ಕಥೆ ಮುಗಿಯಿತು. ಒಳಬದಿಯ ಸೈಡ್‌ವಾಲನ್ನು ಯಾರೂ ನೋಡುವುದಿಲ್ಲ, ಅಲ್ಲೇ ಹೆಚ್ಚು ಸಿಗುತ್ತದೆ.

ಸವೆತದ ರೀತಿಯನ್ನೂ ಬರೆದಿಟ್ಟುಕೊಳ್ಳಿ, ಕಾರಣ ಸರಿಪಡಿಸದೆ ಹೊಸದು ಹಾಕಿದರೆ ಅದೂ ಹಾಗೇ ಹಾಳಾಗುತ್ತದೆ. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ ಅಥವಾ ಭಾರ ಹೆಚ್ಚು. ನಡುವೆ ಮಾತ್ರ ಸವೆದಿದ್ದರೆ ಭಾರಕ್ಕೆ ಮೀರಿದ ಗಾಳಿ. ಒಳ ಅಂಚು ಮಾತ್ರ ತಿಂದಿದ್ದರೆ ಆಕ್ಸಲ್ ಬಾಗಿದೆ ಅಥವಾ ಅದರ ಮಿತಿಗೆ ಮೀರಿ ಹೇರಲಾಗಿದೆ. ಅಲ್ಲಲ್ಲಿ ಗುಂಡಿ ಬಿದ್ದಂತಿದ್ದರೆ ಬ್ಯಾಲೆನ್ಸ್ ಇಲ್ಲ ಅಥವಾ ಬೇರಿಂಗ್ ಸಡಿಲ. ಬಟನ್ ಮೇಲೆ ಅಡ್ಡಲಾಗಿ ಕೈಯಾಡಿಸಿದಾಗ ಒಂದು ದಿಕ್ಕಿನಲ್ಲಿ ನಯ, ಇನ್ನೊಂದು ದಿಕ್ಕಿನಲ್ಲಿ ಗರಗಸದಂತೆ ತಾಗಿದರೆ ಅಲೈನ್‌ಮೆಂಟ್ ತಪ್ಪಿದೆ.

ಅಂಗಡಿಗೆ ಹೋಗುವ ಮೊದಲು ಇನ್ನೊಂದು ಕೆಲಸ ಇದೆ, ತೂಕ. ನೀರಿನ ಟ್ಯಾಂಕ್, ಗ್ಯಾಸ್, ಪಾತ್ರೆ, ಹಾಸಿಗೆ, ಎಲ್ಲ ಪ್ರವಾಸಕ್ಕೆ ಹೊರಡುವಂತೆಯೇ ತುಂಬಿಸಿ ವೇಬ್ರಿಡ್ಜ್‌ಗೆ ಒಯ್ಯಿರಿ. ಕಾರಿಗೆ ಜೋಡಿಸಿಯೇ ಇರಲಿ, ಟ್ರೇಲರಿನ ಚಕ್ರಗಳು ಮಾತ್ರ ಕಟ್ಟೆಯ ಮೇಲಿರಲಿ. ಇದು ಆಕ್ಸಲ್ ಭಾರ. ಆಮೇಲೆ ಒಂದೇ ಬದಿಯ ಚಕ್ರ ಕಟ್ಟೆಯ ಮೇಲೆ ಬರುವಂತೆ ನಿಲ್ಲಿಸಿ ಇನ್ನೊಮ್ಮೆ ತೂಗಿಸಿ. ಕಟ್ಟೆ ಮತ್ತು ಪಕ್ಕದ ನೆಲ ಒಂದೇ ಮಟ್ಟದಲ್ಲಿದ್ದರೆ ಮಾತ್ರ ಈ ಎರಡನೇ ಅಂಕಿಯನ್ನು ನಂಬಬಹುದು. ಇದನ್ನು ಬಿಡಬೇಡಿ ಎನ್ನಲು ಕಾರಣವಿದೆ. ಅಡುಗೆ ಕಟ್ಟೆ, ಫ್ರಿಜ್, ಬ್ಯಾಟರಿ ಒಂದೇ ಬದಿಗೆ ಬಂದ ಟ್ರೇಲರುಗಳೇ ಜಾಸ್ತಿ, ಎರಡು ಬದಿಯ ಭಾರ ಸಮ ಇರುವುದು ಕಡಿಮೆ.

12 ಮಾರ್ಚ್ 2025, ಬುಧವಾರ

ಇವತ್ತು ಆಯ್ಕೆಯ ಲೆಕ್ಕ. ಒಂದು ಉದಾಹರಣೆ ಹಿಡಿದುಕೊಂಡು ಹೋದರೆ ಸುಲಭ. ಆಕ್ಸಲ್ ಭಾರ 1,480 ಕೆಜಿ, ಅದರಲ್ಲಿ ಎಡ ಚಕ್ರಕ್ಕೆ 780, ಬಲಕ್ಕೆ 700 ಅಂದುಕೊಳ್ಳೋಣ. ಈಗಿರುವುದು ಎಸ್‌ಟಿ205/75ಆರ್14 (ST205/75R14) ಸೈಜು, ಲೋಡ್ ರೇಂಜ್ (ಎಷ್ಟು ಗಾಳಿ ತುಂಬಿ ಎಷ್ಟು ಭಾರ ಹೊರಿಸಬಹುದು ಎಂದು ಹೇಳುವ ಅಕ್ಷರ) ಸಿ. ಈ ಟೈರ್ 50 ಪಿಎಸ್‌ಐ ಗಾಳಿಯಲ್ಲಿ ಹೊರುವುದು ಸುಮಾರು 800 ಕೆಜಿ. ಎರಡಕ್ಕೆ 1,600, ಆಕ್ಸಲ್ 1,480, ಸಾಕಲ್ಲ ಅನಿಸುತ್ತದೆ. ಆದರೆ ಎಡ ಟೈರ್ ತನ್ನ ಶಕ್ತಿಯ ನೂರಕ್ಕೆ 97 ಪಾಲು ಖರ್ಚು ಮಾಡಿ ಓಡುತ್ತಿದೆ. ತಿರುವಿನಲ್ಲಿ ಭಾರ ಹೊರಗಿನ ಚಕ್ರಕ್ಕೆ ವಾಲುತ್ತದೆ, ರಸ್ತೆಯ ಗುಂಡಿಯ ಹೊಡೆತ ಬೇರೆ, ಗಾಳಿ ಎರಡು ಪಿಎಸ್‌ಐ ಇಳಿದರೂ ಮಿತಿ ದಾಟುತ್ತದೆ. ಅತಿ ಹೆಚ್ಚು ಭಾರವಿರುವ ಚಕ್ರದ ಮೇಲೆ ನೂರಕ್ಕೆ 15ರಿಂದ 20ರಷ್ಟು ಉಳಿಕೆ ಇರಬೇಕು ಎಂಬುದು ನಾನು ಪಾಲಿಸುವ ಅಳತೆ. ಅದೇ ಸೈಜಿನ ಲೋಡ್ ರೇಂಜ್ ಡಿ 65 ಪಿಎಸ್‌ಐನಲ್ಲಿ 925 ಕೆಜಿ ಹೊರುತ್ತದೆ. 780 ಕೆಜಿ ಹೊತ್ತರೂ ಅದರ ಶಕ್ತಿಯಲ್ಲಿ ನೂರಕ್ಕೆ ಸುಮಾರು 16 ಪಾಲು ಉಳಿಯಿತು. ಸೈಜ್ ಬದಲಿಸದೆ ಸಮಸ್ಯೆ ಬಗೆಹರಿಯಿತು.

ಇಲ್ಲಿಯೇ ಹೆಚ್ಚಿನವರು ಎಡವುವುದು. ಭಾರ ಹೊರುವುದು ರಬ್ಬರಲ್ಲ, ಗಾಳಿ. ಲೋಡ್ ರೇಂಜ್ ಡಿ ಟೈರ್ ತಂದು 50 ಪಿಎಸ್‌ಐ ಮಾತ್ರ ತುಂಬಿದರೆ ಅದು ಹೊರುವುದು ಸಿ ಟೈರಿನಷ್ಟೇ, ಅದೇ 800 ಕೆಜಿ. ದಪ್ಪ ಟೈರಿಗೆ ಹಣ ಕೊಟ್ಟದ್ದು ವ್ಯರ್ಥ. ಆದರೆ 65 ತುಂಬಬೇಕೆಂದರೆ ರಿಮ್ ಮತ್ತು ವಾಲ್ವ್ ಎರಡೂ ಒಪ್ಪಬೇಕು. ರಿಮ್ ಎಷ್ಟು ಭಾರ ತಡೆಯುತ್ತದೆ ಎಂಬುದನ್ನು ಅದರ ಮೇಲೆಯೇ, ಹೆಚ್ಚಾಗಿ ಹಿಂಬದಿಯಲ್ಲಿ, ಕೊರೆದಿರುತ್ತಾರೆ, ಕೆಲವದರಲ್ಲಿ ಗಾಳಿಯ ಮಿತಿಯೂ ಇರುತ್ತದೆ. ಇಲ್ಲದಿದ್ದರೆ ರಿಮ್ ತಯಾರಕರಿಂದ ಕೇಳಿ ತಿಳಿಯಬೇಕು. 800 ಕೆಜಿಯ ರಿಮ್‌ಗೆ 925ರ ಟೈರ್ ಹಾಕಿದರೆ ಮಿತಿ 800ರಲ್ಲೇ ಉಳಿಯಿತು. ಇನ್ನು ವಾಲ್ವ್: ಕಾರುಗಳಲ್ಲಿರುವಂಥ ಎಳೆದು ಕೂರಿಸುವ ರಬ್ಬರ್ ವಾಲ್ವ್, ಟಿಆರ್413 ಮಾದರಿ, 65 ಪಿಎಸ್‌ಐವರೆಗೆ ಮಾತ್ರ. 65 ತುಂಬುವವರಿಗೆ ಅದು ಅಂಚಿನಲ್ಲಿ ನಿಂತಂತೆ. ಲೋಡ್ ರೇಂಜ್ ಇಗೆ 80 ಪಿಎಸ್‌ಐ ಬೇಕು, ಅಲ್ಲಿ ಅದು ಸಲ್ಲುವುದೇ ಇಲ್ಲ. ಡಿ ಆದರೂ ಇ ಆದರೂ ನಟ್ ಬಿಗಿಯುವ ಲೋಹದ ವಾಲ್ವ್ ಹಾಕಿಸುವುದೇ ಒಳ್ಳೆಯದು. ಹಳೆಯ ವಾಲ್ವ್ ಮೇಲೆ ಹೊಸ ಟೈರ್ ಏರಿಸುವುದಕ್ಕಂತೂ ಯಾವ ಸಮರ್ಥನೆಯೂ ಇಲ್ಲ.

ಟೈರಿನ ಜಾತಿ. ಎಸ್‌ಟಿ ಎಂದರೆ ಟ್ರೇಲರಿಗೆಂದೇ ಮಾಡಿದ್ದು. ಸೈಡ್‌ವಾಲ್ ಗಡುಸು, ಹಾಗಾಗಿ ಟ್ರೇಲರ್ ಬಾಲ ಆಡಿಸುವುದು ಕಡಿಮೆ. ಇದು ಸ್ಟೀರಿಂಗ್ ಇಲ್ಲದ, ಎಂಜಿನ್ ಎಳೆಯದ ಚಕ್ರಕ್ಕಾಗಿ ಇರುವ ಟೈರ್, ಕಾರಿಗೆ ಹಾಕುವಂತಿಲ್ಲ. ಎಲ್‌ಟಿ ಲಘು ಟ್ರಕ್‌ನದು, ಗಟ್ಟಿಮುಟ್ಟು, ಆದರೆ ಅದೇ ಸೈಜಿನಲ್ಲಿ ಎಸ್‌ಟಿಗಿಂತ ಕಡಿಮೆ ಭಾರಕ್ಕೆ ನಮೂದಾಗಿರುತ್ತದೆ. ಎಸ್‌ಟಿಯ ಲೆಕ್ಕವನ್ನು ಕಡಿಮೆ ವೇಗಕ್ಕೆ ಮಾಡಿರುವುದೇ ಕಾರಣ. 195ಆರ್14ಸಿ ಎಂಬಂತೆ ಕೊನೆಯಲ್ಲಿ ಸಿ ಇರುವ ವ್ಯಾನ್ ಟೈರುಗಳು ಕ್ಯಾರವಾನ್‌ಗಳಲ್ಲಿ ಚೆನ್ನಾಗಿ ಬಾಳುತ್ತವೆ. ಆದರೆ ಆ ಸಿ ಬೇರೆ, ಲೋಡ್ ರೇಂಜ್ ಸಿ ಬೇರೆ. ಗೊಂದಲವಾದರೆ ಅಕ್ಷರ ಬಿಟ್ಟು ಲೋಡ್ ಇಂಡೆಕ್ಸ್ ಅಂಕಿ ಹಿಡಿಯಿರಿ: 100 ಎಂದರೆ 800 ಕೆಜಿ, 105 ಎಂದರೆ 925, 107 ಎಂದರೆ 975. 106/104 ಎಂದು ಎರಡು ಅಂಕಿ ಇದ್ದರೆ ಮೊದಲನೆಯದು ಒಂಟಿ ಚಕ್ರಕ್ಕೆ, ನಮಗೆ ಬೇಕಾದದ್ದು ಅದೇ. ಕಾರಿನ ಸಾಮಾನ್ಯ ಟೈರನ್ನು ಟ್ರೇಲರಿಗೆ ಹಾಕಿದರೆ ಅದರ ಭಾರದ ಅಂಕಿಯನ್ನು 1.1ರಿಂದ ಭಾಗಿಸಿ ಲೆಕ್ಕ ಹಿಡಿಯಬೇಕು, 700 ಕೆಜಿ ಎಂದಿದ್ದರೆ ಸಿಗುವುದು 636. ಹಾಕದಿದ್ದರೆ ಇನ್ನೂ ಒಳ್ಳೆಯದು.

ಸೈಜಿನ ನಡುವೆ ಆರ್ ಇದ್ದರೆ ರೇಡಿಯಲ್ (ಒಳಗಿನ ದಾರಗಳು ನೇರ ಅಡ್ಡಕ್ಕೆ), ಡಿ ಇದ್ದರೆ ಬಯಾಸ್ (ದಾರಗಳು ಓರೆಯಾಗಿ). ರೇಡಿಯಲ್ ತಂಪಾಗಿ ಓಡುತ್ತದೆ, ದೂರದ ಓಟಕ್ಕೆ ಅದೇ ಸರಿ. ಒಂದೇ ಆಕ್ಸಲ್‌ನಲ್ಲಿ ಒಂದು ಅದು ಒಂದು ಇದು ಬೇಡ. ವೇಗದ ಅಕ್ಷರವನ್ನೂ ನೋಡಿ: ಎಲ್ ಎಂದರೆ ಗಂಟೆಗೆ 120 ಕಿಮೀ, ಎಂ 130, ಎನ್ 140. ಯಾವ ಅಕ್ಷರವೂ ಇಲ್ಲದ ಎಸ್‌ಟಿ ಟೈರನ್ನು 105 ಕಿಮೀ ಮಿತಿಯದು ಎಂದೇ ತಿಳಿಯಬೇಕು. ಅಷ್ಟು ವೇಗದಲ್ಲಿ ಎಳೆಯುವ ಉದ್ದೇಶ ಇಲ್ಲದಿದ್ದರೂ ಎಂ ಅಥವಾ ಎನ್ ಇರುವುದನ್ನು ಆರಿಸಿ, ಹೆಚ್ಚಿನ ವೇಗಕ್ಕೆ ಪರೀಕ್ಷೆಯಾದ ಟೈರ್ ಶಾಖವನ್ನು ಚೆನ್ನಾಗಿ ತಾಳುತ್ತದೆ. ಸ್ಟೀಲ್ ಬೆಲ್ಟಿನ ಮೇಲೆ ನೈಲಾನ್ ಹೊದಿಕೆ ಇದೆಯೇ ಎಂದೂ ಕೇಳಿ, ಬೆಲ್ಟ್ ಬಿಟ್ಟುಕೊಳ್ಳುವುದನ್ನು ತಡೆಯುವುದು ಅದು. ಸೈಡ್‌ವಾಲ್ ಮೇಲೆ ಯಾವ ಪದರ ಎಷ್ಟು ಎಂದು ಅಚ್ಚಾಗಿರುತ್ತದೆ, ಬಟನ್ ಭಾಗದ ಪಟ್ಟಿಯಲ್ಲಿ ನೈಲಾನ್ ಎಂದಿದ್ದರೆ ಇದೆ.

ದೊಡ್ಡ ಸೈಜಿಗೆ ಹೋಗುವ ಆಸೆ ಬಂದರೆ ಮೊದಲು ಟೇಪ್ ಹಿಡಿಯಿರಿ. 205/75ಆರ್14ರ ವ್ಯಾಸ ಸುಮಾರು 663 ಮಿಮೀ, 205/75ಆರ್15ರದು 688, 225/75ಆರ್15ರದು 718. ಹದಿನಾಲ್ಕರಿಂದ ಹದಿನೈದಕ್ಕೆ ಏರಿದರೆ ಟ್ರೇಲರ್ 12-13 ಮಿಮೀ ಮೇಲೇಳುತ್ತದೆ, ಗೂಡಿನಲ್ಲಿ ಅಷ್ಟೇ ಜಾಗ ಕಡಿಮೆಯಾಗುತ್ತದೆ, ಹೊಸ ರಿಮ್ ಬೇಕಾಗುತ್ತದೆ, ಹಿಚ್ (ಕಾರಿಗೆ ಜೋಡಿಸುವ ಕೊಂಡಿ) ಎತ್ತರವೂ ಸರಿಪಡಿಸಬೇಕು. ಗೂಡಿನ ಜಾಗವನ್ನು ಖಾಲಿ ಟ್ರೇಲರಿನಲ್ಲಿ ಅಳೆದರೆ ಮೋಸ. ಪೂರ್ತಿ ತುಂಬಿ ಅಳೆಯಿರಿ, ಅದರ ಮೇಲೆ ಸಸ್ಪೆನ್ಷನ್ ಕುಸಿಯುವ ದೂರವನ್ನೂ ಕಳೆಯಿರಿ. ಎಷ್ಟೋ ಪುಟ್ಟ ಟ್ರೇಲರುಗಳಲ್ಲಿ ಈ ಲೆಕ್ಕ ಮುಗಿಯುವ ಹೊತ್ತಿಗೆ ಅದೇ ಸೈಜು, ಮೇಲಿನ ಲೋಡ್ ರೇಂಜ್ ಎಂಬುದೇ ಉತ್ತರ.

ಕೊಳ್ಳುವುದು ಮೂರು, ಎರಡಲ್ಲ. ಸ್ಟೆಪ್ನಿಗೂ ವಯಸ್ಸಾಗುತ್ತದೆ, ಹಿಂಬದಿಯಲ್ಲಿ ನೇತಾಡುವ ಸ್ಟೆಪ್ನಿಗೆ ಬಿಸಿಲು ಇನ್ನೂ ಜಾಸ್ತಿ. ಅಂಗಡಿಯಲ್ಲಿ ಹಣ ಕೊಡುವ ಮೊದಲು ಮೂರರದೂ ತಾರೀಖು ಓದಿ. ಗೋದಾಮಿನಲ್ಲಿ ಎರಡು ವರ್ಷ ಕುಳಿತ ‘ಹೊಸ’ ಟೈರ್ ಆರು ವರ್ಷದ ಆಯುಷ್ಯದಲ್ಲಿ ಮೂರನೇ ಒಂದು ಭಾಗವನ್ನು ಆಗಲೇ ಕಳೆದುಕೊಂಡಿದೆ.

15 ಮಾರ್ಚ್ 2025, ಶನಿವಾರ

ಜೋಡಿಸುವ ಕೆಲಸ. ಟ್ರೇಲರ್ ಕಾರಿಗೆ ಜೋಡಿಸಿದ ಹಾಗೇ ಇರಲಿ, ಇನ್ನೊಂದು ಬದಿಯ ಚಕ್ರಕ್ಕೆ ಹಿಂದೆ ಮುಂದೆ ತಡೆ ಇಡಿ. ಜಾಕ್ ಇಡುವುದು ತಯಾರಕರು ಹೇಳಿದ ಜಾಗದಲ್ಲಿ, ಸಾಮಾನ್ಯವಾಗಿ ಆಕ್ಸಲ್ ಹತ್ತಿರದ ಚಾಸಿಸ್ ಕೆಳಗೆ. ಟಾರ್ಷನ್ ಆಕ್ಸಲ್‌ನ (ಕೊಳವೆಯೊಳಗಿನ ರಬ್ಬರೇ ಸ್ಪ್ರಿಂಗ್‌ನ ಕೆಲಸ ಮಾಡುವಂಥದ್ದು) ಕೊಳವೆಗೆ ಜಾಕ್ ಕೊಟ್ಟರೆ ಕೊಳವೆ ಬಾಗುತ್ತದೆ, ಆಮೇಲೆ ಹೊಸ ಟೈರಿನ ಒಳ ಅಂಚು ಸವೆಯುತ್ತ ಹೋಗುತ್ತದೆ. ನಟ್ಟುಗಳನ್ನು ಚಕ್ರ ನೆಲದ ಮೇಲಿರುವಾಗಲೇ ಅರ್ಧ ಸುತ್ತು ಸಡಿಲಿಸಿಕೊಳ್ಳಿ.

ಚಕ್ರ ಬಿಚ್ಚುವ ಮೊದಲು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ, ಕಟಕಟ ಎಂದರೆ ಬೇರಿಂಗ್ ನೋಡಬೇಕು. ತಿರುಗಿಸಿದಾಗ ಒರಟು ಸದ್ದು ಬಂದರೂ ಅಷ್ಟೇ. ಚಕ್ರ ಹೇಗೂ ಕೈಗೆ ಬಂದಿದೆ, ಗ್ರೀಸ್ ಬದಲಿಸಲು ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಹಬ್ಬಿನ ಮುಖ ಮತ್ತು ರಿಮ್ ಕೂರುವ ಮುಖದ ತುಕ್ಕನ್ನು ತಂತಿ ಬ್ರಶ್‌ನಿಂದ ಉಜ್ಜಿ. ಅಲ್ಲಿ ದಪ್ಪ ಬಣ್ಣ ಬಳಿದಿದ್ದರೂ ತೆಗೆಯಬೇಕು. ಓಡುತ್ತ ಓಡುತ್ತ ಆ ಪದರ ಜಜ್ಜಿಹೋಗಿ ನಟ್ ಸಡಿಲವಾಗುತ್ತದೆ.

ಟೈರ್ ಅಂಗಡಿಯವರಿಗೆ ಹೇಳಬೇಕಾದ್ದು: ಬೀಡ್ (ರಿಮ್ ಹಿಡಿದುಕೊಳ್ಳುವ ಟೈರಿನ ಅಂಚು) ಕೂರಿಸುವಾಗ 40 ಪಿಎಸ್‌ಐ ದಾಟಬೇಡಿ, ಕೂರದಿದ್ದರೆ ಗಾಳಿ ಬಿಟ್ಟು ಮತ್ತೆ ಸೋಪು ಸವರಿ. ಬ್ಯಾಲೆನ್ಸ್ ಮಾಡಿಸಿ. ಟ್ರೇಲರಿಗೆ ಯಾಕೆ ಎಂದು ಕೇಳುವವರು ಇದ್ದಾರೆ. ನಡುಕ ಕಾರಿನವರೆಗೆ ತಲುಪುವುದಿಲ್ಲ, ನಿಜ. ಆದರೆ ಒಳಗಿನ ಸ್ಕ್ರೂ, ಕಪಾಟಿನ ಬಾಗಿಲು, ಬೇರಿಂಗ್ ಎಲ್ಲ ಅದನ್ನು ಉಣ್ಣುತ್ತವೆ. ಟ್ರೇಲರಿನ ಹಲವು ರಿಮ್‌ಗಳು ನಡುವಿನ ತೂತಿನಿಂದಲ್ಲ, ನಟ್ಟುಗಳಿಂದಲೇ ಕೇಂದ್ರಕ್ಕೆ ಬರುವಂಥವು. ಬ್ಯಾಲೆನ್ಸ್ ಯಂತ್ರಕ್ಕೂ ನಟ್ ತೂತುಗಳನ್ನು ಹಿಡಿಯುವ ಅಡಾಪ್ಟರ್ ಬೇಕು, ಬರೀ ಕೋನ್ ಹಾಕಿ ತಿರುಗಿಸಿದರೆ ಅಂಕಿ ಸುಳ್ಳಾಗುತ್ತದೆ.

ನಟ್ ಬಿಗಿಯುವುದು ಎದುರು ಬದುರಾಗಿ, ನಕ್ಷತ್ರದ ಕ್ರಮದಲ್ಲಿ, ಮೂರು ಸಲ. ಅರ್ಧ ಇಂಚಿನ ಸ್ಟಡ್ (ನಟ್ ಕೂರುವ ಬೋಲ್ಟ್) ಆದರೆ ಮೊದಲು ಸುಮಾರು 30 ನ್ಯೂಟನ್ ಮೀಟರ್, ಆಮೇಲೆ 75, ಕೊನೆಗೆ 120ರಿಂದ 160ರೊಳಗೆ ತಯಾರಕರು ಕೊಟ್ಟ ಅಂಕಿ. ಏರ್ ಗನ್‌ನಿಂದ ಪೂರ್ತಿ ಬಿಗಿಸಬೇಡಿ, ಸ್ಟಡ್ ಎಳೆದುಹೋಗುತ್ತದೆ. ಸ್ಟಡ್ಡಿನ ತಿರುಪು ಗೆರೆಗಳಿಗೆ ಎಣ್ಣೆಯೂ ಬೇಡ. ಎಣ್ಣೆ ಹಚ್ಚಿದರೆ ಟಾರ್ಕ್ ವ್ರೆಂಚ್ ಅದೇ ಅಂಕಿ ತೋರಿಸುವಾಗ ಸ್ಟಡ್ ಮೇಲಿನ ಎಳೆತ ತುಂಬ ಜಾಸ್ತಿಯಾಗಿರುತ್ತದೆ. 16, 40, 80 ಕಿಮೀ ಓಡಿದ ಮೇಲೆ ಮತ್ತೆ ಬಿಗಿ ನೋಡಬೇಕು. ಅಲ್ಯೂಮಿನಿಯಂ ರಿಮ್ ಇದ್ದವರು ಇದನ್ನು ತಪ್ಪಿಸಲೇಬಾರದು.

ಗಾಳಿ ನೋಡುವುದು ಬೆಳಿಗ್ಗೆ, ಓಡಿಸುವ ಮೊದಲು, ಬಿಸಿಲು ಬೀಳುವ ಮೊದಲು. ಹೊರಗಿನ ತಾಪ 10 ಡಿಗ್ರಿ ಸೆಲ್ಸಿಯಸ್ ಏರಿದರೆ 50 ಪಿಎಸ್‌ಐ ಟೈರಿನಲ್ಲಿ ಎರಡು, 65ರದರಲ್ಲಿ ಎರಡೂವರೆಗಿಂತ ತುಸು ಹೆಚ್ಚು ಏರುತ್ತದೆ. ದಾರಿಯಲ್ಲಿ ಬಿಸಿಯಾದ ಟೈರ್ 72 ತೋರಿಸಿದರೆ ಗಾಬರಿಯಾಗಿ ಗಾಳಿ ಬಿಡಬೇಡಿ. ಆ ಏರಿಕೆ ಲೆಕ್ಕದಲ್ಲೇ ಇದೆ. ಬಿಟ್ಟರೆ ತಣ್ಣಗಾದಾಗ ಕಡಿಮೆ ಗಾಳಿಯ ಟೈರ್ ನಿಮ್ಮದು, ಟ್ರೇಲರ್ ಟೈರುಗಳನ್ನು ಅತಿ ಹೆಚ್ಚು ಕೊಲ್ಲುವುದು ಅದೇ. ಗಾಳಿ ಕಡಿಮೆಯಾದರೆ ಸೈಡ್‌ವಾಲ್ ಹೆಚ್ಚು ಬಳುಕುತ್ತದೆ, ಬಳುಕಿದಷ್ಟು ಶಾಖ, ಶಾಖಕ್ಕೆ ಬೆಲ್ಟ್ ಬಿಡುತ್ತದೆ. ಗಾಳಿ ಇಲ್ಲದೆ ಸ್ವಲ್ಪ ದೂರ ಓಡಿದ ಟೈರನ್ನು ಪಂಕ್ಚರ್ ಹಾಕಿ ಮತ್ತೆ ಬಳಸುವಂತಿಲ್ಲ, ಹೊರಗೆ ಏನೂ ಕಾಣದಿದ್ದರೂ.

ಟೈರ್ ಒತ್ತಡದ ಸೆನ್ಸರ್ ಹಾಕುವುದಾದರೆ ತಣ್ಣನೆ ಅಂಕಿಗಿಂತ ನೂರಕ್ಕೆ 10ರಿಂದ 12 ಕೆಳಗೆ ಎಚ್ಚರಿಕೆ ಇಡಿ, 65ಕ್ಕೆ 58. ವಾಲ್ವ್ ತುದಿಗೆ ತಿರುಪುವ ಸೆನ್ಸರಿನ ಭಾರಕ್ಕೆ ರಬ್ಬರ್ ವಾಲ್ವ್ ವೇಗದಲ್ಲಿ ಬಾಗುತ್ತ ಬುಡದಲ್ಲಿ ಬಿರಿಯುತ್ತದೆ, ಲೋಹದ ವಾಲ್ವ್ ಬೇಕು ಎಂದದ್ದಕ್ಕೆ ಇದೂ ಒಂದು ಕಾರಣ. ಮೂರೂ ಟೈರಿನ ತಾರೀಖು, ತಣ್ಣನೆ ಗಾಳಿ, ನಟ್ ಟಾರ್ಕ್, ಈ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು ಟ್ರೇಲರಿನ ಬಾಗಿಲ ಒಳಬದಿಗೆ ಅಂಟಿಸಿದರಾಯಿತು. ಹಳೆಯ ಚೀಟಿಯಲ್ಲಿ 50 ಎಂದಿದ್ದರೆ ಅದನ್ನು ಕಿತ್ತು ಹಾಕಿ.