ಮುಂಬೈನಿಂದ ನ್ಯೂಯಾರ್ಕಿಗೆ ಎಷ್ಟು ದೂರ?

ಅಂಧೇರಿಯ ನಮ್ಮ ಏರ್ ಕಾರ್ಗೋ ಕಚೇರಿಯಲ್ಲಿ, ಗ್ರಾಹಕರು ವಿಮಾನದಲ್ಲಿ ಕಳುಹಿಸಿದ ಸರಕಿನಿಂದ ಎಷ್ಟು ಇಂಗಾಲ ಹೊರಬಿತ್ತು ಎಂಬ ವರದಿ ಸಿದ್ಧಪಡಿಸುವುದು ನನ್ನ ಕೆಲಸ. ಆ ಲೆಕ್ಕಕ್ಕೆ ಎರಡು ವಿಮಾನ ನಿಲ್ದಾಣಗಳ ನಡುವಿನ ದೂರವೇ ಬುನಾದಿಯಾದ್ದರಿಂದ, ಹೊಸದಾಗಿ ಸೇರಿದವರಿಗೆ ನಾನು ಮೊದಲು ಕಲಿಸುವುದು ಅದನ್ನೇ.

ಗೋಡೆಯ ಮೇಲಿನ ಮರ್ಕೇಟರ್ ಭೂಪಟದಲ್ಲಿ (ಗುಂಡಗಿನ ಭೂಮಿಯನ್ನು ಚಪ್ಪಟೆಯಾಗಿ ಬಿಡಿಸಿ ತೋರಿಸುವ ನಕ್ಷೆ) ಮುಂಬೈಯನ್ನೂ ನ್ಯೂಯಾರ್ಕನ್ನೂ ಸ್ಕೇಲಿಟ್ಟು ಸೇರಿಸಿದರೆ ಗೆರೆಯು ಅರೇಬಿಯಾ, ಈಜಿಪ್ಟ್, ಲಿಬಿಯಾಗಳ ಮೇಲೆ ಹಾದು ಅಟ್ಲಾಂಟಿಕ್ ದಾಟುತ್ತದೆ. ಆ ದಾರಿ ಸುಮಾರು 14,200 ಕಿ.ಮೀ. ಅದೇ ಎರಡು ಊರುಗಳ ನಡುವೆ ಗ್ಲೋಬಿನ ಮೇಲೆ ದಾರವನ್ನು ಬಿಗಿಯಾಗಿ ಹಿಡಿದರೆ ಅದು ಉತ್ತರಕ್ಕೆ ಸರಿದು ರಷ್ಯಾ, ನಾರ್ವೆ, ಐಸ್‌ಲ್ಯಾಂಡ್‌ಗಳ ಮೇಲೆ ಹೋಗುತ್ತದೆ, ಮತ್ತು ದೂರ ಸುಮಾರು 12,530 ಕಿ.ಮೀ.ಗೆ ಇಳಿಯುತ್ತದೆ. ಇದೇ ಮಹಾವೃತ್ತ ದೂರ. ಸೂತ್ರಗಳಿಗಿಂತ ಮೊದಲು ಈ ದಾರವನ್ನು ಕೈಗೆ ಕೊಡುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ.

ಲೆಕ್ಕಕ್ಕೆ ನಾವು ಬಳಸುವುದು ಹ್ಯಾವರ್‌ಸೈನ್ ಸೂತ್ರ. ಎರಡೂ ನಿಲ್ದಾಣಗಳ ಅಕ್ಷಾಂಶ, ರೇಖಾಂಶ ಮತ್ತು ಭೂಮಿಯ ಸರಾಸರಿ ತ್ರಿಜ್ಯ 6,371 ಕಿ.ಮೀ. ಇದ್ದರೆ ಸಾಕು. ಭೂಮಿ ಧ್ರುವಗಳಲ್ಲಿ ಸ್ವಲ್ಪ ಚಪ್ಪಟೆಯಾಗಿರುವುದರಿಂದ ಉತ್ತರದಲ್ಲಿ ಹೆಚ್ಚೆಂದರೆ ಶೇ. 0.5ರಷ್ಟು ವ್ಯತ್ಯಾಸ ಬರಬಹುದು. ಅದೂ ಬೇಡವೆನ್ನುವವರಿಗೆ ಆ ಚಪ್ಪಟೆತನವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ, ಭೂಮಾಪನ ತಜ್ಞ ವಿನ್ಸೆಂಟಿ 1975ರಲ್ಲಿ ಪ್ರಕಟಿಸಿದ ವಿಧಾನವಿದೆ.

ಆದರೆ ಕೆಲಸ ಕೆಡುವುದು ಸೂತ್ರದಲ್ಲಲ್ಲ, ಅದಕ್ಕೆ ತುಂಬುವ ಅಂಕಿಗಳಲ್ಲಿ. ಹುಬ್ಬಳ್ಳಿಯಿಂದ ಬಂದು ಸೇರಿದ ಹುಡುಗನೊಬ್ಬ ಒಮ್ಮೆ, "ಸರ್, ನ್ಯೂಯಾರ್ಕ್ ಬರೀ 2,400 ಕಿಲೋಮೀಟರ್ ತೋರಸ್ತೈತ್ರಿ" ಎಂದು ಹಾಳೆ ತಂದು ತೋರಿಸಿದ. ನ್ಯೂಯಾರ್ಕಿನ ಕೆನಡಿ ನಿಲ್ದಾಣದ ರೇಖಾಂಶ 73.78 ಡಿಗ್ರಿ ಪಶ್ಚಿಮ. ಪಶ್ಚಿಮಕ್ಕೆ ಹಾಕಬೇಕಾದ ಋಣ ಚಿಹ್ನೆ ಬಿಟ್ಟುಹೋಗಿತ್ತು. ಹೀಗಾಗಿ ನಮ್ಮ ಸರಕು ಅಮೆರಿಕದ ಬದಲು ಕಿರ್ಗಿಸ್ತಾನದ ಬೆಟ್ಟಗಳಲ್ಲಿ ಇಳಿದಿತ್ತು! ಉತ್ತರವನ್ನು ನೋಡಿದೊಡನೆ ಅನುಮಾನಪಟ್ಟ ಅವನ ಬುದ್ಧಿಯನ್ನು ಮೆಚ್ಚಲೇಬೇಕು. ಅದೇ ನಿಲ್ದಾಣದ ಅಕ್ಷಾಂಶವಾದ 40 ಡಿಗ್ರಿ 38 ಮಿನಿಟನ್ನು 40.38 ಎಂದು ಬರೆಯುವುದು ಇದಕ್ಕಿಂತ ಅಪಾಯಕಾರಿ, ಏಕೆಂದರೆ ಆಗ ಉತ್ತರ ನಂಬುವಂತೆಯೇ ಇರುತ್ತದೆ. ಒಂದು ಡಿಗ್ರಿಗೆ 60 ಮಿನಿಟಾದ್ದರಿಂದ ಸರಿಯಾದ ಬೆಲೆ 40.63. ಎಕ್ಸೆಲ್‌ನಲ್ಲಿ ಡಿಗ್ರಿಯನ್ನು ಅದು ಬಳಸುವ ಕೋನದ ಅಳತೆಯಾದ ರೇಡಿಯನ್‌ಗೆ ಬದಲಾಯಿಸದಿದ್ದರಂತೂ ಏನು ಬೇಕಾದರೂ ಬರಬಹುದು.

ಇಷ್ಟಾದರೂ ಇದು ವಿಮಾನ ನಿಜವಾಗಿ ಹಾರಿದ ದೂರವಲ್ಲ. ಗಾಳಿಯ ದಿಕ್ಕು, ನಿಗದಿತ ವಾಯುಮಾರ್ಗಗಳು, ಮುಚ್ಚಿದ ವಾಯುಪ್ರದೇಶಗಳು ದಾರಿಯನ್ನು ಬದಲಿಸುತ್ತಲೇ ಇರುತ್ತವೆ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ವಾಯುಪ್ರದೇಶವನ್ನು ಭಾರತೀಯ ವಿಮಾನಗಳಿಗೆ ಮುಚ್ಚಿದಾಗ ಪಶ್ಚಿಮದ ಹಲವು ದಾರಿಗಳು ಉದ್ದವಾದವು. ಈ ಸುತ್ತುಬಳಸನ್ನು ಸರಿದೂಗಿಸಲು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಇಂಗಾಲ ಲೆಕ್ಕದ ವಿಧಾನವು 5,500 ಕಿ.ಮೀ. ಮೀರಿದ ಮಹಾವೃತ್ತ ದೂರಕ್ಕೆ 125 ಕಿ.ಮೀ. ಸೇರಿಸುತ್ತದೆ. ಆದ್ದರಿಂದ ನಮ್ಮ ವರದಿಯ ಕಾಲಮ್ಮಿನ ತಲೆಯಲ್ಲೇ ‘ಮಹಾವೃತ್ತ ದೂರ + 125’ ಎಂದು ನಮೂದಿಸುತ್ತೇವೆ. ಹಾರಿದ ದೂರವೇ ಬೇಕೆನ್ನುವ ಗ್ರಾಹಕರಿಗೆ ಅದನ್ನು ವಿಮಾನ ಕಂಪನಿಯಿಂದ ಕೇಳಿ ತರಿಸಿಕೊಡುತ್ತೇವೆ.