ಮೊದಲು ಟರ್ಮಿನಲ್‌ನಲ್ಲಿ ಬಿಲ್ಡ್ ಮಾಡಿ, ಆಮೇಲೆ ಎಡಿಟರ್ ತೆರೆಯಿರಿ

ಆ ಪ್ರಾಜೆಕ್ಟನ್ನು ಮೊದಲ ಸಲ ವಿಎಸ್ ಕೋಡ್‌ನಲ್ಲಿ (ಕೋಡ್ ಬರೆಯುವ ಎಡಿಟರ್) ತೆರೆದಾಗ ಸಾವಿರಾರು ಎರರ್ ಬಂದವು. ಹತ್ತಾರು ಮಾಡ್ಯೂಲ್ ಇರುವ ದೊಡ್ಡ ಓಪನ್ ಸೋರ್ಸ್ ಜಾವಾ ಪ್ರಾಜೆಕ್ಟ್ ಅದು. ನಮ್ಮ ತಂಡ ಅದನ್ನು ದಿನಾ ಬಳಸುತ್ತಿತ್ತು. ಅದರಲ್ಲಿದ್ದ ಒಂದು ಬಗ್ ಸರಿಮಾಡಿ ಪ್ಯಾಚ್ ಕಳಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಬಗ್ ಇದ್ದದ್ದು ಒಂದೇ ಕ್ಲಾಸಿನಲ್ಲಿ. ಆದರೆ ಆ ಫೈಲ್ ತೆರೆದರೆ ಅರ್ಧಕ್ಕರ್ಧ ಸಾಲು ಕೆಂಪು.

ಎರಡು ದಿನ ಆ ಕೆಂಪು ಗೆರೆಗಳ ಹಿಂದೆಯೇ ಓಡಿದೆ. ಸಿಗದ ಇಂಪೋರ್ಟ್‌ಗಳನ್ನು ಹುಡುಕಿದೆ. ಜಾರ್ ಫೈಲ್‌ಗಳನ್ನು ಇಳಿಸಿ ಕೈಯಾರೆ ಸೇರಿಸಿದೆ. ಎಕ್ಸ್‌ಟೆನ್ಶನ್ ತೆಗೆದು ಮತ್ತೆ ಹಾಕಿದೆ. ಒಂದು ಕಡೆ ಹತ್ತು ಎರರ್ ಹೋದರೆ ಇನ್ನೊಂದು ಕಡೆ ಇಪ್ಪತ್ತು ಹುಟ್ಟುತ್ತಿದ್ದವು. ಮೂರನೇ ದಿನ ತಂಡದ ಹಿರಿಯರೊಬ್ಬರು ಬಂದು ನೋಡಿ, "ಟರ್ಮಿನಲ್‌ನಲ್ಲಿ ಬಿಲ್ಡ್ ಆಗ್ತಿದ್ಯಾ?" ಅಂತ ಕೇಳಿದರು. ಬಿಲ್ಡ್ ಅಂದರೆ ಇಡೀ ಕೋಡನ್ನು ಕಂಪೈಲ್ ಮಾಡಿ ಓಡುವ ರೂಪಕ್ಕೆ ತರುವುದು. ನಾನು ಅದನ್ನು ಮಾಡಿಯೇ ನೋಡಿರಲಿಲ್ಲ.

ಮಾಡಿದರೆ ಅದೂ ಆಗಲಿಲ್ಲ. ಆದರೆ ಈ ಸಲ ಬಂದದ್ದು ಒಂದೇ ಎರರ್: ಕ್ಲಾಸ್ ಫೈಲ್‌ನ ಮೇಜರ್ ವರ್ಷನ್ 65 ಗೊತ್ತಿಲ್ಲ ಅಂತ. ಈ ಸಂಖ್ಯೆಯಿಂದ 44 ಕಳೆದರೆ ಜಾವಾ ಆವೃತ್ತಿ ಸಿಗುತ್ತದೆ. 52 ಅಂದರೆ ಜಾವಾ 8, 61 ಅಂದರೆ 17, 65 ಅಂದರೆ 21. ನನ್ನ ಯಂತ್ರದಲ್ಲಿದ್ದದ್ದು ಜಾವಾ 21. ಪ್ರಾಜೆಕ್ಟ್ ತನ್ನ ರ‍್ಯಾಪರ್ ಅನ್ನುವ ಪುಟ್ಟ ಸ್ಕ್ರಿಪ್ಟ್ ಮೂಲಕ ಕೇಳುತ್ತಿದ್ದ ಗ್ರೇಡಲ್ (ಬಿಲ್ಡ್ ಮಾಡುವ ಸಾಧನ) ಹಳೆಯದು. ಗ್ರೇಡಲ್ ಜಾವಾ 21ರ ಮೇಲೆ ಓಡಲು ಶುರುವಾದದ್ದು ತನ್ನ 8.5 ಆವೃತ್ತಿಯಿಂದ. ಜೆಡಿಕೆ 17 (ಜಾವಾ 17ರ ಡೆವಲಪರ್ ಕಿಟ್) ಹಾಕಿಕೊಂಡು, ಯಾವ ಜಾವಾ ಬಳಸಬೇಕು ಅಂತ ಹೇಳುವ ಜಾವಾ ಹೋಮ್ ಅನ್ನು ಅದಕ್ಕೆ ತಿರುಗಿಸಿದೆ. ಗ್ರೇಡಲ್ ಬೇರೆಯಾಗಿ ಇನ್‌ಸ್ಟಾಲ್ ಮಾಡುವ ಗೋಜಿಗೆ ಹೋಗಬೇಡಿ, ರ‍್ಯಾಪರ್ ತನಗೆ ಬೇಕಾದ ಆವೃತ್ತಿಯನ್ನು ತಾನೇ ಇಳಿಸಿಕೊಳ್ಳುತ್ತದೆ.

ಮೊದಲ ಸಲಕ್ಕೆ ಬಿಲ್ಡ್ ಟಾಸ್ಕ್ ಬೇಡ, ಅದು ಎಲ್ಲಾ ಟೆಸ್ಟ್‌ಗಳನ್ನೂ ಓಡಿಸುತ್ತದೆ. ಅಸೆಂಬಲ್ ಮತ್ತು ಟೆಸ್ಟ್ ಕ್ಲಾಸಸ್ ಎರಡು ಟಾಸ್ಕ್ ಸಾಕು. ಗ್ರೇಡಲ್ ಬದಲು ಮೇವನ್ ಅನ್ನುವ ಬಿಲ್ಡ್ ಸಾಧನ ಬಳಸುವ ಪ್ರಾಜೆಕ್ಟ್ ಆದರೆ ಸ್ಕಿಪ್ ಟೆಸ್ಟ್ಸ್ (skipTests) ಆಯ್ಕೆ ಕೊಡಿ. ಮೇವನ್ ಟೆಸ್ಟ್ ಸ್ಕಿಪ್ (maven.test.skip) ಅಂತ ಇನ್ನೊಂದಿದೆ, ಅದು ಟೆಸ್ಟ್ ಕೋಡನ್ನು ಕಂಪೈಲ್ ಕೂಡ ಮಾಡುವುದಿಲ್ಲ. ಒಂದು ಮಾಡ್ಯೂಲಿನ ಟೆಸ್ಟ್ ಜಾರ್ ಮೇಲೆ ಇನ್ನೊಂದು ಮಾಡ್ಯೂಲ್ ನಿಂತಿದ್ದರೆ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೀರಿ.

ಆ ಬಿಲ್ಡ್ ಮುಗಿದ ಮೇಲೆ ನನಗೆ ನಿಜವಾದ ಕಾರಣ ಕಂಡಿತು. ನಾನು ಎರಡು ದಿನ ಹುಡುಕಿದ ಕ್ಲಾಸ್‌ಗಳು ಗಿಟ್‌ನಲ್ಲಿ (ಪ್ರಾಜೆಕ್ಟಿನ ಮೂಲ ಕೋಡ್ ಇಡುವ ಜಾಗ) ಇರಲೇ ಇಲ್ಲ! ಪ್ರೋಟೋಬಫ್ ಫೈಲ್‌ಗಳಿಂದ, ಆಂಟ್ಲರ್ ಗ್ರಾಮರ್‌ಗಳಿಂದ ಬಿಲ್ಡ್ ಹೊತ್ತಿನಲ್ಲಿ ಹುಟ್ಟುವ ಕೋಡ್ ಅವು. ಪ್ರೋಟೋಬಫ್ ಡೇಟಾದ ರೂಪವನ್ನು ವಿವರಿಸುತ್ತದೆ, ಆಂಟ್ಲರ್ ಭಾಷೆಯ ನಿಯಮಗಳಿಂದ ಪಾರ್ಸರ್ ಹುಟ್ಟಿಸುತ್ತದೆ. ಬಿಲ್ಡ್ ಫೋಲ್ಡರಿನೊಳಗೆ ಜನರೇಟೆಡ್ ಅನ್ನುವ ಜಾಗದಲ್ಲಿ ಕೂರುತ್ತವೆ. ಇನ್ನೂ ಹುಟ್ಟದ ಕೋಡನ್ನು ಎಡಿಟರ್ ತೋರಿಸುವುದಾದರೂ ಹೇಗೆ, ಅಲ್ವಾ? ದೊಡ್ಡ ಪ್ರಾಜೆಕ್ಟಿನಲ್ಲಿ ಒಂದು ಕ್ಲಾಸ್ ಸಿಗದಿದ್ದರೆ ನಾನು ಈಗ ಮೊದಲು ಕೇಳುವ ಪ್ರಶ್ನೆ ಇದೇ: ಇದನ್ನು ಯಾರಾದರೂ ಬರೆದದ್ದಾ, ಬಿಲ್ಡ್‌ನಲ್ಲಿ ಹುಟ್ಟಿದ್ದಾ?

ಇನ್ನೊಂದು ವಿಷಯ ತಿಳಿದಿದ್ದರೆ ಆ ಎರಡು ದಿನ ಉಳಿಯುತ್ತಿತ್ತು. ವಿಎಸ್ ಕೋಡ್‌ಗೆ ತಾನಾಗಿ ಜಾವಾ ಬರುವುದಿಲ್ಲ. ರೆಡ್ ಹ್ಯಾಟ್‌ನ ಎಕ್ಸ್‌ಟೆನ್ಶನ್ ಒಳಗೆ ಎಕ್ಲಿಪ್ಸ್‌ನ ಜಾವಾ ಲ್ಯಾಂಗ್ವೇಜ್ ಸರ್ವರ್ (ಕೋಡ್ ಓದಿ ಎಡಿಟರಿಗೆ ಎರರ್ ತಿಳಿಸುವುದು ಇದೇ) ಬೇರೆ ಪ್ರೋಗ್ರಾಮ್ ಆಗಿ ಓಡುತ್ತಿರುತ್ತದೆ. ಅದರಲ್ಲಿರುವುದು ಎಕ್ಲಿಪ್ಸ್‌ನ ಸ್ವಂತ ಕಂಪೈಲರ್. ಗ್ರೇಡಲ್ ಕರೆಯುವುದು ಜೆಡಿಕೆಯ ಕಂಪೈಲರ್ ಆದ ಜಾವಾ ಸಿ (javac). ಒಂದೇ ಕೋಡನ್ನು ಎರಡು ಕಂಪೈಲರ್ ಓದುತ್ತಿವೆ. ಅವುಗಳ ಮಾತು ಬೇರೆ ಆದಾಗ ನಾನು ನಂಬುವುದು ಬಿಲ್ಡನ್ನು. ಎಡಿಟರನ್ನು ಸುಮ್ಮನಾಗಿಸಲು ಕೋಡ್ ಬದಲಿಸುವುದನ್ನು ಅಂದೇ ಬಿಟ್ಟೆ.

ಜಾವಾ ಆವೃತ್ತಿಯೂ ಎರಡು ಕಡೆ ಬೇಕು. ಸರ್ವರ್ ಓಡಲು ಒಂದು, ಅದು ಎಕ್ಸ್‌ಟೆನ್ಶನ್ ಜೊತೆಗೇ ಬರುತ್ತದೆ. ಪ್ರಾಜೆಕ್ಟಿಗೆ ಇನ್ನೊಂದು. ಸೆಟ್ಟಿಂಗ್ಸ್‌ನಲ್ಲಿ ಗ್ರೇಡಲ್ ಇಂಪೋರ್ಟಿನ ಜಾವಾ ಹೋಮ್ ಅನ್ನುವ ಜಾಗದಲ್ಲಿ 17ರ ದಾರಿ ಕೊಟ್ಟೆ. ಸರ್ವರಿನ ಹೀಪ್ (ಅದು ಬಳಸಬಹುದಾದ ಮೆಮೊರಿ) ಮಿತಿ 2 ಜಿಬಿ ಇತ್ತು, 4 ಜಿಬಿಗೆ ಏರಿಸಿದೆ. ಆಮೇಲೆ ಕಮಾಂಡ್ ಪ್ಯಾಲೆಟ್‌ನಿಂದ ಲ್ಯಾಂಗ್ವೇಜ್ ಸರ್ವರ್ ವರ್ಕ್‌ಸ್ಪೇಸ್ ಕ್ಲೀನ್ ಮಾಡಿದೆ. ಈ ಹೆಜ್ಜೆ ಬಿಡಬೇಡಿ, ಹಳೆಯ ತಪ್ಪು ಲೆಕ್ಕ ಅಲ್ಲೇ ಉಳಿದಿರುತ್ತದೆ. ಇಂಪೋರ್ಟ್ ಮುಗಿಯಲು ಹೊತ್ತು ಹಿಡಿಯಿತು. ನಡುವೆ ನಿಲ್ಲಿಸದೆ ಕಾದೆ. ಕೆಂಪು ಗೆರೆಗಳು ಒಂದೊಂದಾಗಿ ಮಾಯವಾದವು. ಎರಡು ಉಳಿದವು. ಆ ಎರಡನ್ನೂ ಜಾವಾ ಸಿ ತಕರಾರಿಲ್ಲದೆ ಒಪ್ಪುತ್ತಿತ್ತು, ಹಾಗೇ ಬಿಟ್ಟೆ.

ಲಿನಕ್ಸ್‌ನಲ್ಲಿರುವವರಿಗೆ ಫೈಲ್ ವಾಚರ್ ಮಿತಿ ಮುಗಿಯಿತು ಅನ್ನುವ ಸಂದೇಶವೂ ಬರಬಹುದು. ಐನೋಟಿಫೈ ವಾಚ್‌ಗಳ (ಫೈಲ್ ಬದಲಾದದ್ದನ್ನು ಗಮನಿಸುವ ಲಿನಕ್ಸ್ ವ್ಯವಸ್ಥೆ) ಮಿತಿಯನ್ನು 524288ಕ್ಕೆ ಏರಿಸಿದರೆ ಸರಿಹೋಗುತ್ತದೆ.

ಬಗ್ ಸರಿಮಾಡಲು ಬೇಕಾದದ್ದು ಮೂರೇ ಸಾಲು. ಆದರೆ ಕಮಿಟ್ ಮಾಡುವ ಮೊದಲು ಡಿಫ್ (ಬದಲಾದ ಸಾಲುಗಳ ಪಟ್ಟಿ) ನೋಡಿದರೆ ಇಡೀ ಫೈಲ್ ಬದಲಾಗಿತ್ತು. ಸೇವ್ ಮಾಡಿದಾಗೆಲ್ಲ ಫಾರ್ಮ್ಯಾಟ್ ಆಗುವ ಸೆಟ್ಟಿಂಗ್ ನನ್ನ ಬೇರೆ ಕೆಲಸಕ್ಕಾಗಿ ಹಾಕಿದ್ದು, ಇಲ್ಲೂ ಜಾರಿಯಲ್ಲಿತ್ತು. ಹಾಗೇ ಕಳಿಸಿದ್ದರೆ, ತಮ್ಮ ಬಿಡುವಿನ ಹೊತ್ತಿನಲ್ಲಿ ರಿವ್ಯೂ ಮಾಡುವ ಯಾರೋ ಒಬ್ಬರು ನೂರಾರು ಸಾಲುಗಳ ನಡುವೆ ಆ ಮೂರನ್ನು ಹುಡುಕಬೇಕಿತ್ತು. ಆ ಪ್ರಾಜೆಕ್ಟಿನ ವರ್ಕ್‌ಸ್ಪೇಸ್‌ಗೆ ಮಾತ್ರ ಅದನ್ನು ಆಫ್ ಮಾಡಿ, ಫೈಲನ್ನು ಗಿಟ್‌ನಿಂದ ವಾಪಸ್ ತಂದು, ಮೂರು ಸಾಲನ್ನು ಮತ್ತೆ ಬರೆದು ಕಳಿಸಿದೆ.