ಅಳಿಸಿದ ಮೇಲ್ ಎಲ್ಲಿಗೂ ಹೋಗಿರುವುದಿಲ್ಲ

ಡಿಸ್ಕ್ ತುಂಬಿದಾಗ ಎಲ್ಲರೂ ಮಾಡುವ ಮೊದಲ ಕೆಲಸ ಡಿಲೀಟ್. ಥಂಡರ್‌ಬರ್ಡ್ ಎಂಬ ಸಾಫ್ಟ್‌ವೇರ್‌ನಲ್ಲಿ ಮೇಲ್ ನೋಡುವವರಿಗೆ ಇದರಿಂದ ಅಂಥ ಉಪಯೋಗ ಇಲ್ಲ.

ನಾನು ಶಿರಸಿಯ ಒಂದು ಅಡಿಕೆ ವಖಾರಿಯಲ್ಲಿ ಲೆಕ್ಕ ಬರೆಯುತ್ತೇನೆ. ಕಂಪ್ಯೂಟರ್ ಮುನಿಸಿಕೊಂಡರೆ ಮಾತಾಡಿಸುವವನೂ ನಾನೇ. ಸಿ ಡ್ರೈವ್‌ನ ಪಟ್ಟಿ ಕೆಂಪಾದದ್ದನ್ನು ಕಂಡು ಯಜಮಾನರು (ನನಗೆ ದೂರದಿಂದ ಭಾವ) ತಾವೇ ಕೂತು ಹಳೆ ಮೇಲ್ ತೆಗೆದಿದ್ದರು. ಚಾಲಿ ಅಡಿಕೆಯ ಫೋಟೊ, ಲಾರಿ ರಸೀದಿಯ ಸ್ಕ್ಯಾನ್, ಗುಜರಾತಿನ ವ್ಯಾಪಾರಿಗಳ ದೀಪಾವಳಿ ಶುಭಾಶಯ, ಎಲ್ಲ. "ಎಲ್ಲ ಡಿಲೀಟ್ ಮಾಡಿದ್ದಿ ಮಾರಾಯ, ಜಾಗ ಮಾತ್ರ ಆಜಿಲ್ಲೆ!" ಅಂದರು.

ಆಗುವುದಾದರೂ ಹೇಗೆ? ಥಂಡರ್‌ಬರ್ಡ್ ಸಾಮಾನ್ಯವಾಗಿ ಒಂದು ಫೋಲ್ಡರ್‌ನ ಎಲ್ಲ ಮೇಲ್‌ಗಳನ್ನೂ ಒಂದೇ ಉದ್ದ ಫೈಲ್‌ನಲ್ಲಿ ಇಡುತ್ತದೆ. ಇನ್‌ಬಾಕ್ಸ್ ಅಂದರೆ ಇನ್‌ಬಾಕ್ಸ್ ಎಂಬ ಹೆಸರಿನ, .txt ಥರದ ಬಾಲವಿಲ್ಲದ ಒಂದು ಫೈಲ್. ಭಾವನಿಗೆ ತೋರಿಸಲು ಸಣ್ಣದೊಂದು ಫೋಲ್ಡರ್‌ನ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದೆ. ಅಳಿಸಿದ ಮೇಲ್ ಅಕ್ಷರವೂ ಬಿಡದೆ ಅಲ್ಲೇ ಇತ್ತು. ಮೇಲ್ಗಡೆ ಎಕ್ಸ್-ಮೊಝಿಲ್ಲಾ-ಸ್ಟೇಟಸ್ ಎಂಬ ಸಾಲಿನಲ್ಲಿ 0001 ಇದ್ದದ್ದು 0009 ಆಗಿತ್ತು, ಅಷ್ಟೇ. ಓದಿದ್ದು ಅನ್ನುವುದಕ್ಕೆ 1, ಅಳಿಸಿದ್ದು ಅನ್ನುವುದಕ್ಕೆ 8. ಖಾತೆ ಪುಸ್ತಕದಲ್ಲಿ ಕೆಂಪು ಗೀಟು ಎಳೆದ ಹಾಗೆ. ಗೀಟು ಎಳೆದರೆ ಪುಸ್ತಕ ತೆಳ್ಳಗಾಗುವುದಿಲ್ಲವಲ್ಲ.

ಇನ್ನೊಂದು ತಮಾಷೆ ಇದೆ. ಡಿಲೀಟ್ ಒತ್ತಿದಾಗ ಮೇಲ್‌ನ ಒಂದು ಪ್ರತಿ ಟ್ರ್ಯಾಶ್ ಫೈಲಿಗೂ ಹೋಗುತ್ತದೆ. ಹಾಗಾಗಿ ಭಾವ ಅಳಿಸಿದಷ್ಟೂ ಡಿಸ್ಕ್ ಇನ್ನೂ ತುಂಬುತ್ತಿತ್ತು!

ಇದು ಥಂಡರ್‌ಬರ್ಡ್ ಬರೆದವರ ದಡ್ಡತನ ಅಲ್ಲ. ಹಲವು ಜಿಬಿಯ ಫೈಲಿನ ನಡುವಿನಿಂದ ಒಂದು ಮೇಲ್ ಕಿತ್ತರೆ ಅದರ ಹಿಂದಿರುವ ಎಲ್ಲವನ್ನೂ ಮುಂದೆ ಸರಿಸಿ ಬರೆಯಬೇಕು. ಪ್ರತಿ ಡಿಲೀಟಿಗೂ ಹಾಗೆ ಮಾಡುತ್ತ ಕೂತರೆ ಯಾರಿಗೂ ತಾಳ್ಮೆ ಇರುವುದಿಲ್ಲ. ಅದಕ್ಕೇ ಗೀಟು ಎಳೆದು ಬಿಡುತ್ತದೆ, ಒಟ್ಟಿಗೆ ಗುಡಿಸುವುದಕ್ಕೆ ಕಾಂಪ್ಯಾಕ್ಟ್ ಎಂಬ ಆಜ್ಞೆ ಇಟ್ಟಿದೆ. ಮೊದಲು ಟ್ರ್ಯಾಶ್ ಖಾಲಿ ಮಾಡಿ, ಆಮೇಲೆ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಕಾಂಪ್ಯಾಕ್ಟ್. ಥಂಡರ್‌ಬರ್ಡ್ ತಾನಾಗಿಯೂ ಆಗಾಗ ಕೇಳುತ್ತದೆ. ಆದರೆ ಕೇಳುವುದು ಸರಿಯಾಗಿ ಟೆಂಡರ್ ಗಡಿಬಿಡಿಯಲ್ಲೇ, ಎಲ್ಲರೂ ಬೇಡ ಅಂತ ಒತ್ತುತ್ತಾರೆ.

ಗಮನ ಇಡಬೇಕಾದದ್ದು ಇಲ್ಲಿ. ಕಾಂಪ್ಯಾಕ್ಟ್ ಆಗುವಾಗ ಉಳಿದ ಮೇಲ್‌ಗಳನ್ನೆಲ್ಲ ಹೊಸ ಫೈಲಿಗೆ ಬರೆದು, ಪೂರ್ತಿ ಆದ ಮೇಲೆ ಹಳೆಯದನ್ನು ತೆಗೆಯುತ್ತದೆ. ಅಂದರೆ ಜಾಗ ಮಾಡಲಿಕ್ಕೂ ಜಾಗ ಬೇಕು. ಡಿಸ್ಕ್ ಪೂರ್ತಿ ತುಂಬುವ ತನಕ ಕಾದರೆ ಕೈಕಟ್ಟಿ ಕೂರಬೇಕಾಗುತ್ತದೆ. ನಾವು ಮೊದಲು ಡೌನ್‌ಲೋಡ್ಸ್‌ನಲ್ಲಿದ್ದ ಹಳೆ ವಿಡಿಯೊಗಳನ್ನು ಹೊರಗಿನ ಡಿಸ್ಕಿಗೆ ಹಾಕಿದೆವು, ಮೇಲ್ ಫೋಲ್ಡರ್‌ನ ಬ್ಯಾಕಪ್ ಅನ್ನೂ ಅಲ್ಲೇ ಇಟ್ಟೆವು. ಮಳೆಗಾಲದಲ್ಲಿ ನಮ್ಮೂರ ಕರೆಂಟ್ ಗೊತ್ತಲ್ಲ, ಯುಪಿಎಸ್ ಇಲ್ಲದೆ ಇದಕ್ಕೆ ಕೈ ಹಾಕಬೇಡಿ. ನಡುವೆ ಕರೆಂಟ್ ಹೋದರೆ ಎನ್‌ಎಸ್‌ಟಿಎಂಪಿ ಎಂಬ ಅರೆಬರೆ ಫೈಲ್ ಸುಮ್ನೆ ಜಾಗ ತಿನ್ನುತ್ತ ಉಳಿದುಬಿಡಬಹುದು.

11 ಜಿಬಿಯ ಇನ್‌ಬಾಕ್ಸ್ 3ಕ್ಕೆ ಇಳಿಯಿತು. ಕ್ಲೀನರ್ ಸಾಫ್ಟ್‌ವೇರ್ ಕೊಂಡರೆ ಹೇಗೆ ಅಂತ ಭಾವ ಕೇಳುತ್ತಿದ್ದರು. ದುಡ್ಡು ದಂಡ ಅಂದೆ.

ಬಿಲ್ಲಿಂಗ್‌ನ ಆಕ್ಸೆಸ್ (ಮೈಕ್ರೋಸಾಫ್ಟ್‌ನ ಡೇಟಾಬೇಸ್) ಫೈಲ್ ಇನ್ನೂ ಬಾಕಿ ಇದೆ. ಅದರದ್ದೂ ಇದೇ ಕತೆ, ಜೊತೆಗೆ 2 ಜಿಬಿಯ ಮಿತಿ ಬೇರೆ. ಅಲ್ಲಿ ಕಾಂಪ್ಯಾಕ್ಟ್ ಮಾಡಬೇಕಾದರೆ ಫೈಲ್ ಯಾರ ಕಂಪ್ಯೂಟರಿನಲ್ಲೂ ತೆರೆದಿರಬಾರದು. ನಮ್ಮಲ್ಲಿ ಒಬ್ಬರು ಬಿಲ್ಲಿಂಗ್ ತೆರೆದಿಟ್ಟೇ ಚಾ ಕುಡಿಯಲು ಹೋಗುತ್ತಾರೆ. ಅವರು ರಜೆ ಹಾಕುವ ದಿನ ನೋಡಿ ಮುಗಿಸಬೇಕು.